ಗ್ರೀನ್ ಕಾರ್ಡ್: ಕಂಪನಿ ಕಾಯಿಸುವ ಆ ಒಂದು ವರ್ಷ

ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಮೊದಲ ಕೆಲಸ ಹಿಡಿಯುವ ನಮ್ಮ ಮಕ್ಕಳು ಆಫರ್ ಲೆಟರ್ ಕೈಗೆ ಬಂದೊಡನೆ ಸಂಬಳ, ಬೋನಸ್, ಷೇರುಗಳ ಲೆಕ್ಕ ಹಾಕುತ್ತಾರೆ. ಮುಂದಿನ ಎಷ್ಟೋ ವರ್ಷಗಳ ಬದುಕನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಸಂಗತಿ ಆ ಪತ್ರದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಗ್ರೀನ್ ಕಾರ್ಡ್ ಪ್ರಕ್ರಿಯೆಯನ್ನು ಕಂಪನಿ ಯಾವಾಗ ಶುರು ಮಾಡುತ್ತದೆ?

ಕೆಲವು ಕಂಪನಿಗಳು ಸೇರಿದ ಕೂಡಲೇ ಶುರು ಮಾಡುತ್ತವೆ. ಇನ್ನು ಕೆಲವು ಒಂದೆರಡು ವರ್ಷ ಕಳೆಯಲಿ ಎನ್ನುತ್ತವೆ. ಎಚ್‌1ಬಿ ವೀಸಾ ಸಿಕ್ಕ ಮೇಲೆ ನೋಡೋಣ ಎನ್ನುವವೂ ಇವೆ. ಇದು ಕಾನೂನಿನ ನಿರ್ಬಂಧವಲ್ಲ, ಎಚ್‌ಆರ್ ವಿಭಾಗದ ತೀರ್ಮಾನ.

ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1.40 ಲಕ್ಷ. ನೌಕರರ ಸಂಗಾತಿ, ಮಕ್ಕಳ ಲೆಕ್ಕವೂ ಇದರಲ್ಲೇ ಸೇರಿದೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸ್ಥೂಲವಾಗಿ ಶೇ 7ರ ಮಿತಿ. ಭಾರತಕ್ಕೂ ಐಸ್‌ಲ್ಯಾಂಡ್‌ಗೂ ಒಂದೇ ಅಳತೆ! ಹೀಗಾಗಿ 2025ರ ಕೊನೆಯಲ್ಲಿ ಇಬಿ–2 (ಉನ್ನತ ಪದವಿ ಬೇಡುವ ಹುದ್ದೆ), ಇಬಿ–3 (ಪದವಿ ಅಥವಾ ಕೌಶಲ ಬೇಡುವ ಹುದ್ದೆ) ಎಂಬ ವರ್ಗಗಳ ಭಾರತೀಯರ ಸರದಿ 2013ನೇ ಇಸವಿಯಲ್ಲೇ ಇತ್ತು. ಈ ಸರದಿಯಲ್ಲಿ ನಮ್ಮ ಸ್ಥಾನವನ್ನು ಗುರುತಿಸುವುದು ಪ್ರಯಾರಿಟಿ ಡೇಟ್, ಅಂದರೆ ಕಂಪನಿಯು ಕಾರ್ಮಿಕ ಇಲಾಖೆಗೆ ಈ ಪ್ರಕ್ರಿಯೆಯ ಆರಂಭದ ‘ಪರ್ಮ್’ ಅರ್ಜಿ ಸಲ್ಲಿಸಿದ ದಿನ. ಕಂಪನಿ ಒಂದು ವರ್ಷ ತಡ ಮಾಡಿದರೆ ಆ ವರ್ಷ ಅರ್ಜಿ ಹಾಕಿದ ಅಷ್ಟೂ ಭಾರತೀಯರ ಹಿಂದೆ ನಿಲ್ಲಬೇಕು. ಪಕ್ಕದ ಮೇಜಿನ ಜರ್ಮನಿಯ ಸಹೋದ್ಯೋಗಿಗೆ ಅದೇ ತಡದಿಂದ ಅಷ್ಟೇನೂ ನಷ್ಟವಿಲ್ಲ.

ಹೊಸಬ ನಿಲ್ಲುತ್ತಾನೋ ಇಲ್ಲವೋ ನೋಡಬೇಕು, ಖರ್ಚೂ ಇದೆ ಎನ್ನುವುದು ಕಂಪನಿಗಳ ವಾದ. ಖರ್ಚು ನಿಜ. ಪರ್ಮ್ ಹಂತದ ವಕೀಲರ ಶುಲ್ಕ, ಜಾಹೀರಾತು ವೆಚ್ಚವನ್ನು ಕಂಪನಿಯೇ ಭರಿಸಬೇಕೆಂದು 2007ರಲ್ಲೇ ನಿಯಮವಾಗಿದೆ. ಆದರೆ ಅದೇ ಕಂಪನಿಯಲ್ಲಿ ಗಳಿಸಿದ ಅನುಭವವನ್ನು ಪರ್ಮ್ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಕಾಯಿಸುವುದರಿಂದ ಅರ್ಜಿಗೆ ಬಲವೇನೂ ಬರುವುದಿಲ್ಲ. ನೌಕರ ಬೇರೆಡೆ ಹೋಗದಂತೆ ಗೂಟಕ್ಕೆ ಕಟ್ಟಿಕೊಳ್ಳುವುದಷ್ಟೇ ಆಗುತ್ತದೆ.

ಪ್ರಕ್ರಿಯೆಯೂ ವಿಚಿತ್ರ. ಸಾಫ್ಟ್‌ವೇರ್ ಹುದ್ದೆಗೂ ಎರಡು ಭಾನುವಾರ ದಿನಪತ್ರಿಕೆಯಲ್ಲಿ ಜಾಹೀರಾತು ಹಾಕಿ, ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ತೋರಿಸಬೇಕು. ಇಂಥ ಹುದ್ದೆಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸದೆ, ಅರ್ಜಿಯನ್ನು ಅಂಚೆಯಲ್ಲೇ ಕಳಿಸಿ ಎಂದಿದ್ದವೆಂಬ ಆರೋಪದ ಮೇಲೆ ಫೇಸ್‌ಬುಕ್ 2021ರಲ್ಲಿ ಗರಿಷ್ಠ 1.425 ಕೋಟಿ ಡಾಲರ್, ಆ್ಯಪಲ್ 2023ರಲ್ಲಿ ಗರಿಷ್ಠ 2.5 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡವು. ಅಲ್ಲಿನ ಪದವೀಧರರ ಸಿಟ್ಟಿಗೆ ಕಾರಣವಿದೆ ಎಂದು ಒಪ್ಪಲೇಬೇಕು.

ತಡದ ಇನ್ನೊಂದು ಅಪಾಯ 2023ರಲ್ಲಿ ಗೊತ್ತಾಯಿತು. ಅರ್ಜಿಗೆ ಮುಂಚಿನ ಆರು ತಿಂಗಳೊಳಗೆ ಕಂಪನಿ ಅದೇ ಊರಿನ, ಅದೇ ಬಗೆಯ ಅಮೆರಿಕನ್ ಕೆಲಸಗಾರರನ್ನು ಕೆಲಸದಿಂದ ತೆಗೆದಿದ್ದರೆ, ಮೊದಲು ಅವರನ್ನು ಹುದ್ದೆಗೆ ಪರಿಗಣಿಸಬೇಕು. ಸಾಮೂಹಿಕ ವಜಾದ ನಂತರ ಗೂಗಲ್ ಹೊಸ ಪರ್ಮ್ ಅರ್ಜಿಗಳನ್ನೇ ತಡೆಹಿಡಿಯಿತು. ‘ಒಂದು ವರ್ಷ ಆಗಲಿ’ ಎಂಬ ಮಾತು ನಂಬಿ ಕೂತವರಿಗೆ ಆಗ ಹೇಳಿಕೊಳ್ಳಲು ಜಾಗವೇ ಇರಲಿಲ್ಲ.

ಕಾಯುವಾಗ ವೀಸಾದ ಗಡುವೂ ಓಡುತ್ತಿರುತ್ತದೆ. ಎಂಜಿನಿಯರಿಂಗ್, ವಿಜ್ಞಾನ ಪದವೀಧರರಿಗೆ ಓದಿನ ನಂತರ ಕೆಲಸ ಮಾಡಲು ಬಿಡುವ ಒಪಿಟಿ ಅಡಿ ಸಿಗುವುದು ಒಟ್ಟು ಮೂರು ವರ್ಷ. ಅಷ್ಟರಲ್ಲಿ ವರ್ಷಕ್ಕೆ 85 ಸಾವಿರ ಎಚ್‌1ಬಿಗಳ ಲಾಟರಿಯಲ್ಲಿ ಹೆಸರು ಬರಬೇಕು. ಈಗ ಆ ಲಾಟರಿಯೂ ಸಂಬಳದ ಮಟ್ಟಕ್ಕೆ ತಕ್ಕಂತೆ ತೂಗುವ ಪದ್ಧತಿಗೆ ಹೊರಳಿದ್ದು, ಮೊದಲ ಮೆಟ್ಟಿಲಿನ ಹೊಸಬರ ಅವಕಾಶ ಕುಗ್ಗಿದೆ. ಎಚ್‌1ಬಿ ಸಿಕ್ಕರೂ ಆರು ವರ್ಷದ ಗಡುವು. ಪರ್ಮ್ ಬಳಿಕ ಕಂಪನಿ ಸಲ್ಲಿಸುವ ಐ–140 ಅರ್ಜಿ ಮಂಜೂರಾದರೆ ಮೂರು ಮೂರು ವರ್ಷ ಮುಂದುವರಿಸಬಹುದು.

ದೇಶವಾರು ಮಿತಿಯನ್ನು ಬದಲಿಸಬೇಕಾದ್ದು ಅಮೆರಿಕದ ಸಂಸತ್ತು. ಅದು ಸದ್ಯಕ್ಕೆ ಆಗುವ ಲಕ್ಷಣವಿಲ್ಲ. ಆದರೆ ಪ್ರಕ್ರಿಯೆ ಶುರುವಾಗುವ ದಿನವನ್ನು ಆಫರ್ ಲೆಟರಿನಲ್ಲೇ ನಮೂದಿಸಲು ಯಾವ ಕಾಯ್ದೆಯೂ ಬೇಕಿಲ್ಲ. ಊರಿನಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿರುವಾಗ ಕೇಳಲು ಮುಜುಗರವಾಗುವುದು ಸಹಜ. ಆದರೂ ಸಹಿ ಹಾಕುವ ಮುನ್ನ ಕೇಳಿ: ಪರ್ಮ್ ಯಾವಾಗ? ವರ್ಗ ಇಬಿ–2 ಅಥವಾ ಇಬಿ–3ರಲ್ಲಿ ಯಾವುದು? ಅದು ನಿಮ್ಮ ಪದವಿಯೊಂದನ್ನೇ ಅಲ್ಲ, ಹುದ್ದೆ ಏನು ಬೇಡುತ್ತದೆ ಎಂಬುದನ್ನು ಅವಲಂಬಿಸಿದೆ. ಮತ್ತೆ ಇದನ್ನೂ ತಿಳಿದಿರಿ: ಒಮ್ಮೆ ಐ–140 ಮಂಜೂರಾದರೆ, ವಂಚನೆಯಂಥ ದೋಷಕ್ಕೆ ಅದು ರದ್ದಾಗದ ಹೊರತು, ನೀವು ಕಂಪನಿ ಬದಲಿಸಿದರೂ ಆ ಪ್ರಯಾರಿಟಿ ಡೇಟ್ ನಿಮ್ಮದೇ.