ಊರ್ಡಿಗೆರೆಗೆ ಬಾರದ ಕಾನೂನು ಕಾಲೇಜು

ಇನ್ನು ಮೂರು ವರ್ಷ ಹೊಸ ಕಾನೂನು ಕಾಲೇಜಿಗೆ ಅನುಮತಿ ಇಲ್ಲವೆಂದು ಭಾರತೀಯ ವಕೀಲರ ಪರಿಷತ್ತು 2025ರ ಆಗಸ್ಟ್‌ನಲ್ಲಿ ಸಾರಿತು. ಇರುವ ಕಾಲೇಜುಗಳೂ ಪರಿಷತ್ತನ್ನು ಕೇಳದೆ ಹೊಸ ಕೋರ್ಸು, ಹೊಸ ಸೆಕ್ಷನ್ನು ತೆರೆಯುವಂತಿಲ್ಲ. ಗುಣಮಟ್ಟ ಕೆಟ್ಟಿದೆ ಎಂಬುದು ಪರಿಷತ್ತು ಕೊಟ್ಟ ಕಾರಣ. ಕಾರಣ ಸುಳ್ಳಲ್ಲ, ಮದ್ದು ಮಾತ್ರ ಹಳೆಯದು. 2019ರಲ್ಲೂ ಇಂಥದೇ ತಡೆ ಹಾಕಿದ್ದರು; ಮರುವರ್ಷದ ಡಿಸೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹೊರಬಾಗಿಲಿಗೆ ಬೀಗ ಜಡಿದರೆ ಒಳಗಿನ ಕೊಳೆ ಹೋಗುತ್ತದೆಯೇ?

ಯಾವುದೇ ಖಾಸಗಿ ಕಾನೂನು ಕಾಲೇಜಿನ ಪ್ರಾಸ್ಪೆಕ್ಟಸ್ ತೆಗೆದು ನೋಡಿ. ಮೂರು ವರ್ಷದ ಎಲ್‌ಎಲ್‌ಬಿ, ಐದು ವರ್ಷದ ಬಿಎ ಎಲ್‌ಎಲ್‌ಬಿ, ಕೆಲವೆಡೆ ಬಿಬಿಎ ಎಲ್‌ಎಲ್‌ಬಿ. ಕಪ್ಪು ಕೋಟು ತೊಟ್ಟ ಹುಡುಗರ ಅಣಕು ನ್ಯಾಯಾಲಯದ ಫೋಟೊ, ಗ್ರಂಥಾಲಯದ ಫೋಟೊ, ಕೊನೆಯ ಪುಟದಲ್ಲೆಲ್ಲೋ ‘ಕಾನೂನು ನೆರವು ಕೇಂದ್ರ’ ಎಂಬ ಒಂದು ಸಾಲು. ನನ್ನ ತಕರಾರು ಇರುವುದು ಆ ಒಂದು ಸಾಲಿನ ಬಗ್ಗೆ.

ಅದು ಕಾಲೇಜು ಮಾಡುವ ದಾನವಲ್ಲ. ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ಕಾಲೇಜೂ ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ನೆರವು ಕೇಂದ್ರ ನಡೆಸಲೇಬೇಕು. ಅದಕ್ಕೂ ಮೊದಲು, 1995ರಲ್ಲಿ, ಮನುಭಾಯಿ ಪ್ರಾಗಜಿ ವಾಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರ ಸರ್ಕಾರಕ್ಕೆ ಖಾಸಗಿ ಕಾನೂನು ಕಾಲೇಜುಗಳಿಗೂ ಅನುದಾನ ಕೊಡಿ ಎಂದು ಹೇಳಿತ್ತು. ಅದಕ್ಕೆ ಆಧಾರವಾಗಿದ್ದು ಸಂವಿಧಾನದ 39ಎ ವಿಧಿ, ಬಡವರಿಗೆ ಉಚಿತ ಕಾನೂನು ನೆರವು ಸಿಗಬೇಕೆನ್ನುವ ವಿಧಿ. ಒಳ್ಳೆಯ ಕಾಲೇಜಿಲ್ಲದೆ ಒಳ್ಳೆಯ ವಕೀಲನಿಲ್ಲ, ವಕೀಲನಿಲ್ಲದೆ ಬಡವನಿಗೆ ನೆರವಿಲ್ಲ ಎಂಬುದು ತರ್ಕ. ಅನುದಾನ ಕೇಳುವಾಗ ಆಡಳಿತ ಮಂಡಳಿಗಳಿಗೆ ಈ ತೀರ್ಪು ಬಾಯಿಪಾಠ. ಅದರ ಹಿಂದಿರುವ ಬಡವನ ಮನೆಯ ದಾರಿ ಮಾತ್ರ ನೆನಪಿರುವುದಿಲ್ಲ.

ಆ ದಾರಿ ತುಮಕೂರಿನಿಂದ ಬಹಳ ದೂರವೇನಲ್ಲ. ವಿದ್ಯೋದಯ, ಸುಫಿಯಾದಂಥ ಕಾನೂನು ಕಾಲೇಜುಗಳಿರುವ ಈ ನಗರದಿಂದ ಬಸ್ಸು ಹತ್ತಿದರೆ ದೇವರಾಯನದುರ್ಗದ ಕಾಡಿನ ಆಸುಪಾಸಿನ ಊರ್ಡಿಗೆರೆ ಹೋಬಳಿ. ಬೆಂಗಳೂರಿನ ದುಡ್ಡು ಇತ್ತ ಜಮೀನು ಹುಡುಕಿಕೊಂಡು ಬಂದ ಮೇಲೆ ಮೂಲೆಯ ಸರ್ವೆ ನಂಬರಿಗೂ ಬೆಲೆ ಬಂದಿದೆ, ಬೆಲೆಯ ಬೆನ್ನಿಗೆ ವ್ಯಾಜ್ಯವೂ ಬಂದಿದೆ. ಪೋಡಿ ಆಗಿಲ್ಲ, ಪಹಣಿಯಲ್ಲಿ ತೀರಿಕೊಂಡ ತಾತನ ಹೆಸರೇ ಇದೆ, ಬಗರ್‌ಹುಕುಂ ಅರ್ಜಿ ಎಲ್ಲಿ ಕೂತಿದೆಯೋ ಗೊತ್ತಿಲ್ಲ, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರವೂ ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ.

ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಕತೆಯನ್ನೇ ನೋಡಿ. 1978ರ ಪಿಟಿಸಿಎಲ್ ಕಾಯ್ದೆ ಅಂಥ ಜಮೀನಿನ ಪರಭಾರೆಯನ್ನು ತಡೆಯುತ್ತದೆ. ಭೂಮಿ ಮರಳಿ ಬೇಕಾದರೆ ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕಿತ್ತು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿಯ ತೊಡಕು ತೆಗೆಯಲು ನೋಡಿತು. ಆಮೇಲೂ ಹೈಕೋರ್ಟ್ ತಡವನ್ನು ಲೆಕ್ಕಕ್ಕೆ ಹಿಡಿದಿದೆ. ಇಷ್ಟನ್ನೂ ಕೂಲಿಗೆ ಹೋಗುವ ಮನೆಯವರಿಗೆ ಬಿಡಿಸಿ ಹೇಳುವವರು ಯಾರು? ಈಗ ಹೇಳುತ್ತಿರುವವನು ನಾಡಕಚೇರಿಯ ಮುಂದಿನ ಮಧ್ಯವರ್ತಿ. ಅವನ ಫೀಸಿಗೆ ರಸೀದಿ ಇಲ್ಲ.

ಹೀಗೆ ಬಿಡಿಸಿ ಹೇಳುವುದು ಕಾನೂನು ಕಾಲೇಜಿನ ಹುಡುಗರಿಗೆ ಬರುವುದಿಲ್ಲ ಎನ್ನಬೇಡಿ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೂರು ವರ್ಷದ ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಪದವೀಧರನಿಗಿಂತ ಊರ್ಡಿಗೆರೆಯ ಅಜ್ಜಿಗೆ ಹಾಗೆ ಕನ್ನಡದಲ್ಲಿ ಬರೆದವನ ಮಾತೇ ಬೇಗ ತಿಳಿಯುತ್ತದೆ. ಆ ಶಾಲೆಯಲ್ಲಿ ಕನ್ನಡನಾಡಿನವರಿಗೆ ಶೇ 25 ಸೀಟು ಬೇಕೆಂದು 2020ರಲ್ಲಿ ಕಾನೂನೇ ಮಾಡಿದರು, ಅದೇ ವರ್ಷ ಸೆಪ್ಟೆಂಬರ್ 29ರಂದು ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಅಂದು ಗುಡುಗಿದವರು ಕನ್ನಡದಲ್ಲಿ ಕಾನೂನು ಓದುವವನಿಗೆ ಗೈಡು ಬಿಟ್ಟು ಒಳ್ಳೆಯ ಪುಸ್ತಕ ಯಾಕಿಲ್ಲ ಎಂದು ಅಷ್ಟೇ ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಪಠ್ಯಕ್ರಮದಲ್ಲೂ ಜಾಗವಿದೆ. ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್. ವಕೀಲರು ಕಕ್ಷಿದಾರರನ್ನು ಮಾತಾಡಿಸುವುದನ್ನೂ ಕೇಸಿನ ಕಾಗದಪತ್ರ ಸಿದ್ಧಪಡಿಸುವುದನ್ನೂ ನೋಡಿ ಡೈರಿ ಬರೆಯುವುದಕ್ಕೇ 30 ಅಂಕ. ಆ ಡೈರಿಗಳು ಹೇಗೆ ತಯಾರಾಗುತ್ತವೆಂದು ಬರೆದವರಿಗೂ ಗೊತ್ತು, ಅಂಕ ಕೊಟ್ಟವರಿಗೂ ಗೊತ್ತು. ಕಕ್ಷಿದಾರ ಕಾಲ್ಪನಿಕ, ಅಂಕ ನಿಜ.

ಹಾಜರಾತಿಯದೂ ಅದೇ ಹಾಡು. ಶೇ 70 ಹಾಜರಿ ಬೇಕೆನ್ನುತ್ತದೆ ನಿಯಮ. 2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಬೆರಳಚ್ಚು ಯಂತ್ರ, ಸಿಸಿಟಿವಿ ಕಡ್ಡಾಯ ಎಂದಿತು. ಹಾಜರಾತಿ ಕಡಿಮೆ ಎಂದು ಪರೀಕ್ಷೆಗೆ ತಡೆಯಬೇಡಿ ಎಂದು 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಬೆಂಚಿನ ಮೇಲೆ ಕೂತ ಗಂಟೆ ಎಣಿಸುವ ಈ ಜಗ್ಗಾಟದಲ್ಲಿ ಜನರ ನಡುವೆ ಕಳೆದ ಗಂಟೆಯನ್ನು ಎಣಿಸುವವರೇ ಇಲ್ಲ. ಹೋಬಳಿಯಲ್ಲಿ ಕೂತು ಅರ್ಜಿ ಬರೆದುಕೊಟ್ಟ ದಿನವನ್ನೂ ಹಾಜರಿಗೆ ಹಿಡಿಯಲಿ.

ಹಳ್ಳಿಗೆ ಬಸ್ ಚಾರ್ಜ್ ಕೊಡುವವರು ಯಾರು, ಅಧ್ಯಾಪಕರೇ ಸಾಲದು ಎಂದು ಆಡಳಿತ ಮಂಡಳಿಗಳು ಹೇಳುತ್ತವೆ. ಅಧ್ಯಾಪಕರು ಸಾಲದಿದ್ದರೆ ಆ ಕಾಲೇಜಿಗೆ ಮಾನ್ಯತೆ ನವೀಕರಣ ಆಗಿದ್ದು ಹೇಗೆ? ಬಸ್ ಚಾರ್ಜಿಗೆ ಸರ್ಕಾರ ಅನುದಾನ ಕೊಡಲಿ, 1995ರ ತೀರ್ಪು ತೋರಿಸಿಯೇ ಕೇಳಿ; ಜೊತೆಗೆ ಲೆಕ್ಕವನ್ನೂ ಕೊಡಿ.

ಹೊಸ ಕಾಲೇಜುಗಳ ಮೇಲಿನ ತಡೆ 2028ರವರೆಗೆ ಇದೆ. ಅಷ್ಟರೊಳಗೆ ಪರಿಷತ್ತು ಪ್ರತಿ ಕಾಲೇಜಿನ ನೆರವು ಕೇಂದ್ರದ ರಿಜಿಸ್ಟರ್ ತರಿಸಿಕೊಳ್ಳಲಿ. ಎಷ್ಟು ಮಂದಿ ಬಂದರು, ಯಾವ ಹೋಬಳಿಯವರು, ಅರ್ಜಿ ಏನಾಯಿತು ಎಂಬುದನ್ನು ಹೆಸರು ಮರೆಮಾಡಿ ಪ್ರಕಟಿಸಲಿ. ತುಮಕೂರಿನ ಕಾಲೇಜೊಂದರ ರಿಜಿಸ್ಟರ್‌ನಲ್ಲಿ ಊರ್ಡಿಗೆರೆಯ ಹೆಸರು ಒಂದು ಪುಟದಲ್ಲೂ ಕಾಣದಿದ್ದರೆ, ಆ ಕಾಲೇಜಿನ ಮುಂದಿನ ವರ್ಷದ ಸೀಟು ಕಡಿತ ಮಾಡಲಿ.