ಡೇರಿಗೆ ಹೋಗಿ ಬರುವ ಆ 20 ನಿಮಿಷ



ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾವು ಕ್ಯಾನು ಹಿಡಿದು ಮನೆಯಿಂದ ಹೊರಡುವ ಹೊತ್ತು ಊರಿಗೆಲ್ಲ ಗೊತ್ತು. ಮಳೆ ಇರಲಿ, ಮದುವೆ ಇರಲಿ, ಆ ಹೊತ್ತು ತಪ್ಪುವುದಿಲ್ಲ. ಸಂಘ ನಡೆಯುತ್ತಿರುವುದೇ ನಮ್ಮ ಆ ಶಿಸ್ತಿನಿಂದ. ಆದರೆ ಆ ಹೊತ್ತು ಹಾಲು ಅಳೆಯುವವರಿಗೆ ಗೊತ್ತಿರುವಂತೆ ಕಳ್ಳರಿಗೂ ಗೊತ್ತಿರುತ್ತದೆ.

ನಮ್ಮ ಸಂಘದ ಸದಸ್ಯೆಯೊಬ್ಬರ ಮನೆಯಲ್ಲಿ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ. ಗಂಡ ತೋಟದಲ್ಲಿದ್ದರು, ಮಕ್ಕಳು ಟ್ಯೂಷನ್‌ಗೆ ಹೋಗಿದ್ದರು. ಮನೆಗೆ ಬೀಗ ಹಾಕಿ, ಕೀಲಿಯನ್ನು ಬಾಗಿಲ ಮೇಲಿನ ಸಂದಿಯಲ್ಲಿಟ್ಟು ಸಂಜೆ ಹಾಲು ಹಾಕಲು ಬಂದರು. ಸಾಲಿನಲ್ಲಿ ನಿಂತು ಮನೆಗೆ ಹಿಂತಿರುಗಲು 20 ನಿಮಿಷ. ಬೀಗ ಹಾಕಿದ ಹಾಗೇ ಇತ್ತು, ಕೀಲಿ ಇದ್ದಲ್ಲೇ ಇತ್ತು. ಬೀರುವಿನಲ್ಲಿ ಮಾತ್ರ ಏನೂ ಇರಲಿಲ್ಲ. ಎರಡು ವರ್ಷ ಹಾಲಿನ ಬಟವಾಡೆಯಲ್ಲಿ ಉಳಿಸಿ ಮಾಡಿಸಿದ ಸರ, ಮಗಳ ಓಲೆ ಎರಡೂ ಹೋಗಿದ್ದವು.

ನನಗೆ ಹೆಚ್ಚು ನೋವಾದದ್ದು ಆಮೇಲಿನ ಸಂಗತಿಯಿಂದ. ಅವರು ಎರಡು ದಿನ ಯಾರಿಗೂ ಹೇಳಲಿಲ್ಲ. ‘ಕೀಲಿ ಅಲ್ಲಿಟ್ಟವಳು ನೀನೇ ತಾನೆ’ ಎನ್ನುತ್ತಾರೆಂಬ ಹೆದರಿಕೆ. ಪೊಲೀಸರು ಬರುವ ಹೊತ್ತಿಗೆ ಮನೆ ಗುಡಿಸಿ, ಬೀರು ಒರೆಸಿ ಆಗಿತ್ತು. ಬೆರಳಚ್ಚು ತೆಗೆಯಲು ಏನೂ ಉಳಿದಿರಲಿಲ್ಲ. ಮನೆಯವರು ಅವರು ಹೆದರಿದ್ದ ಮಾತನ್ನೇ ಆಡಿದರು. ಜೊತೆಗೆ ಊರಿನ ಹಿರಿಯರಿಂದ ಇನ್ನೊಂದು ಬುದ್ಧಿಮಾತು ಬಂತು: “ಇನ್ನು ಮೇಲೆ ಹೆಂಗಸರು ಡೇರಿಗೆ ಹೋಗುವುದು ಬೇಡ, ಗಂಡಸರೇ ಹಾಲು ಹಾಕಿ ಬರಲಿ.”

ಈ ಮಾತನ್ನು ನಾನು ಒಪ್ಪುವುದಿಲ್ಲ. ಸಂಘದ ಸದಸ್ಯತ್ವ ನಮ್ಮ ಹೆಸರಿನಲ್ಲಿದೆ. ಹಾಲಿನ ಹಣ ನಮ್ಮ ಖಾತೆಗೆ ಬರುತ್ತದೆ. ಫ್ಯಾಟು ಎಷ್ಟು ಬಂತೆಂದು ಕಣ್ಣಾರೆ ನೋಡಿ ಚೀಟಿ ಪಡೆಯುವವರು ನಾವು. ಇವತ್ತು ಡೇರಿಗೆ ಬರುವುದನ್ನು ಬಿಟ್ಟರೆ ನಾಳೆ ಸಭೆಗೆ ಬರುವುದೂ ನಿಲ್ಲುತ್ತದೆ. ನಾಡಿದ್ದು ಪಾಸ್ ಪುಸ್ತಕವೂ ಬೇರೆಯವರ ಜೇಬು ಸೇರುತ್ತದೆ. ಕಳ್ಳ ಒಯ್ದದ್ದು ಒಂದು ಸರ. ಹೆದರಿ ಒಳಗೆ ಕೂತರೆ ನಾವು ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡದು.

ಹೊರಗೆ ಹೋಗುವುದನ್ನು ನಿಲ್ಲಿಸುವ ಬದಲು ಮನೆಯ ಗುಟ್ಟು ಬಿಟ್ಟುಕೊಡುವುದನ್ನು ನಿಲ್ಲಿಸೋಣ. ತುಳಸಿಕಟ್ಟೆ, ಬಾಗಿಲ ಸಂದಿ, ಕೊಟ್ಟಿಗೆಯ ಗೂಡು, ಹಿಂಡಿ ಡಬ್ಬ. ನಾವು ಕೀಲಿ ಬಚ್ಚಿಡುವ ಜಾಗಗಳು ಇಷ್ಟೇ, ಕಳ್ಳ ಮೊದಲು ತಡಕುವುದೂ ಇಲ್ಲೇ. ಕೀಲಿ ಸೊಂಟದಲ್ಲಿರಲಿ. ಮುಂಬಾಗಿಲಿಗೆ ಗಟ್ಟಿ ಬೀಗ ಹಾಕಿ, ಕೊಟ್ಟಿಗೆಯ ಕಡೆಯ ಹಿತ್ತಿಲ ಬಾಗಿಲಿಗೆ ಬರೀ ಅಗುಳಿ ಸಿಕ್ಕಿಸಿದರೆ ಏನು ಪ್ರಯೋಜನ? ಹಾರೆ, ಪಿಕಾಸಿ, ಏಣಿಗಳನ್ನು ಹೊರಗೆ ಬಿಡಬೇಡಿ. ನಮ್ಮ ಹಾರೆಯಿಂದಲೇ ನಮ್ಮ ಬಾಗಿಲು ಮೀಟುತ್ತಾರೆ. ಜಾತ್ರೆಗೆ ಹೊರಟ ದಿನವೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೋ ಹಾಕುವುದು ಬೇಡ, ಬಂದ ಮೇಲೆ ಹಾಕಿದರಾಯಿತು.

ದಿನಾ ಹಾಕಿಕೊಳ್ಳದ ಒಡವೆ ಬ್ಯಾಂಕಿನ ಲಾಕರ್‌ನಲ್ಲಿರಲಿ. ಲಾಕರ್ ಇಲ್ಲದಿದ್ದರೂ ಪ್ರತಿ ಒಡವೆಯ ಫೋಟೋ ತೆಗೆದು, ಅಂಗಡಿಯ ಬಿಲ್ಲು ಜೋಪಾನ ಮಾಡಿ. ಕಳವಾದ ಮಾಲು ಸಿಕ್ಕಿದಾಗ ‘ಇದು ನನ್ನದು’ ಎಂದು ತೋರಿಸಲು ಅವೇ ಆಧಾರ.

ಮನೆ ಬಾಗಿಲಿಗೆ ಬಂದು ‘ಬಂಗಾರ ಪಾಲಿಶ್ ಮಾಡಿಕೊಡುತ್ತೇವೆ’ ಎನ್ನುವವರನ್ನು ಒಳಗೆ ಸೇರಿಸಬೇಡಿ. ಅವರು ಸರವನ್ನು ಅದ್ದುವ ನೀರು ಬಂಗಾರವನ್ನು ಕರಗಿಸುವ ಆಸಿಡ್. ಅರಿಶಿನದಲ್ಲಿ ಸುತ್ತಿ ‘ಅರ್ಧ ಗಂಟೆ ಬಿಟ್ಟು ತೆಗೆಯಿರಿ’ ಎನ್ನುವುದು ಅವರು ಊರು ದಾಟಲು ಬೇಕಾದ ಹೊತ್ತಿಗಾಗಿ. ದಾರಿಯಲ್ಲಿ ತಡೆದು, ‘ನಾವು ಪೊಲೀಸರು, ಮುಂದೆ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಸುತ್ತಿಕೊಳ್ಳಿ’ ಎನ್ನುವವರನ್ನೂ ನಂಬಬೇಡಿ. ನಿಜವಾದ ಪೊಲೀಸರು ಹಾಗೆ ಹೇಳುವುದಿಲ್ಲ. ಬೈಕು ನಿಲ್ಲಿಸಿ ವಿಳಾಸ ಕೇಳಿದರೆ ಹತ್ತಿರ ಹೋಗದೆ ದೂರದಿಂದಲೇ ಉತ್ತರ ಕೊಡಿ. ಸರಕ್ಕೆ ಕೈ ಹಾಕಿಯೇ ಬಿಟ್ಟರೆ ಎಳೆದಾಡಬೇಡಿ. ಬಿದ್ದು ತಲೆಗೆ ಪೆಟ್ಟಾದರೆ ಯಾವ ಬಂಗಾರ ಕೊಟ್ಟು ಸರಿಮಾಡುವುದು? ಕೂಗಿ, ಬೈಕಿನ ಬಣ್ಣ, ನಂಬರು ನೋಡಿಕೊಳ್ಳಿ.

ಮನೆಗೆ ಬಂದಾಗ ಬೀಗ ಮುರಿದಿದ್ದರೆ ಒಬ್ಬರೇ ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ನೆರೆಯವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ, ಪೊಲೀಸರು ಬರುವವರೆಗೆ ಏನನ್ನೂ ಮುಟ್ಟಬೇಡಿ. ದೂರು ಕೊಟ್ಟ ಮೇಲೆ ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ದೂರುದಾರರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಇಷ್ಟೆಲ್ಲ ಒಬ್ಬೊಬ್ಬರೇ ಮಾಡಬಹುದಾದದ್ದು. ನಮಗೆ ಇನ್ನೊಂದು ಬಲವಿದೆ, ಅದು ಡೇರಿಯ ಸಾಲು. ದಿನಕ್ಕೆ ಎರಡು ಸಲ ಇಡೀ ಊರಿನ ಹೆಂಗಸರು ಒಂದೆಡೆ ಸೇರುವುದು ಬೇರೆಲ್ಲಿದೆ? ಅಕ್ಕಪಕ್ಕದ ಎರಡು ಮನೆಯವರು ಮಾತಾಡಿಕೊಂಡು ಒಬ್ಬರು ಹಿಂತಿರುಗಿದ ಮೇಲೆ ಇನ್ನೊಬ್ಬರು ಹೊರಡಿ. ಕತ್ತಲ ಹೊತ್ತಿನಲ್ಲಿ, ಒಂಟಿ ಮನೆಗಳ ಕಡೆಯಿಂದ ಬರುವವರು ಜೊತೆಯಾಗಿ ಬನ್ನಿ. ದಿನಾ ಬರುವವರು ಒಂದು ಹೊತ್ತು ಕಾಣದಿದ್ದರೆ ಫೋನ್ ಮಾಡಿ ವಿಚಾರಿಸಿ. ಊರಲ್ಲಿ ಗುರುತಿಲ್ಲದವರು ಓಡಾಡಿದರೆ ಸಾಲಿನಲ್ಲೇ ಎಲ್ಲರಿಗೂ ತಿಳಿಸಿ. ಬೀಟ್ ಪೊಲೀಸರ ನಂಬರು ಡೇರಿಯ ಗೋಡೆಯ ಮೇಲೆ ಬರೆಸೋಣ. ಡೇರಿ ದಾರಿಯ ಬೀದಿದೀಪ ಉರಿಯದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆ ಬೇಡ. ಸಂಘದ ಮುಂದಿನ ಸಭೆಯಲ್ಲಿ ಬೋನಸ್, ಹಿಂಡಿ ದರಗಳ ಜೊತೆ ಈ ವಿಷಯವನ್ನೂ ಎತ್ತಿ. ಯಾರ ಮನೆಯಲ್ಲಾದರೂ ಕಳವಾದರೆ ‘ಕೀಲಿ ಎಲ್ಲಿಟ್ಟಿದ್ದೆ’ ಎಂದು ಕೇಳುವ ಮೊದಲು ‘ನಡಿ, ಸ್ಟೇಷನ್‌ಗೆ ನಾನೂ ಬರುತ್ತೇನೆ’ ಎನ್ನಿ. ಅಂದು ಆ ಸದಸ್ಯೆಗೆ ಯಾರಾದರೂ ಹಾಗೆ ಹೇಳುತ್ತಾರೆಂಬ ನಂಬಿಕೆ ಇದ್ದಿದ್ದರೆ ಅವರು ಎರಡು ದಿನ ಸುಮ್ಮನಿರುತ್ತಿರಲಿಲ್ಲ.

ಅವರು ಈಗಲೂ ಎರಡು ಹೊತ್ತೂ ತಾವೇ ಹಾಲು ಹಾಕುತ್ತಾರೆ. ಕೀಲಿ ಸೊಂಟದಲ್ಲಿರುತ್ತದೆ.