ಗೆದ್ದು ಬಂದರೂ ರೇಟಿಂಗ್ ಇಳಿದದ್ದೇಕೆ?

ಒಂಬತ್ತು ಸುತ್ತಿನ ಚೆಸ್ ಟೂರ್ನಿಯಲ್ಲಿ ಐದು ಪಾಯಿಂಟ್ ಗಳಿಸಿ ಹುಡುಗ ಮನೆಗೆ ಬರುತ್ತಾನೆ. ಸೋಲಿಗಿಂತ ಗೆಲುವೇ ಹೆಚ್ಚು, ಮನೆಯವರಿಗೆಲ್ಲ ಖುಷಿ. ಮುಂದಿನ ತಿಂಗಳ ಒಂದನೇ ತಾರೀಖು ವಿಶ್ವ ಚೆಸ್ ಸಂಸ್ಥೆ ಫಿಡೆಯ ಪಟ್ಟಿ ನೋಡಿದರೆ 1700 ಇದ್ದ ಅವನ ರೇಟಿಂಗ್ 1626ಕ್ಕೆ ಇಳಿದಿದೆ! ಎಲ್ಲೋ ತಪ್ಪಾಗಿದೆ ಎಂದು ದೂರು ಬರೆಯಲು ಕೂರುವ ಪಾಲಕರೂ ಉಂಟು. ಲೆಕ್ಕವೇನೋ ಸರಿಯಾಗಿಯೇ ಇರುತ್ತದೆ.

ರೇಟಿಂಗ್ ಎಂಬುದು ಪರೀಕ್ಷೆಯ ಅಂಕವಲ್ಲ, ಒಂದು ಅಂದಾಜು. ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದ, ಹಂಗೇರಿ ಮೂಲದ ಅರ್ಪಾಡ್ ಎಲೊ ರೂಪಿಸಿದ ಈ ಪದ್ಧತಿಯನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ರೇಟಿಂಗ್ ಸಮವಾಗಿದ್ದರೆ ಒಂದು ಆಟದಲ್ಲಿ ಪ್ರತಿಯೊಬ್ಬರಿಂದಲೂ ನಿರೀಕ್ಷೆ ಅರ್ಧ ಪಾಯಿಂಟ್. 200 ಹೆಚ್ಚಿದ್ದವನಿಂದ 0.76. ನಮ್ಮ ಹುಡುಗನ ಎದುರಾಳಿಗಳೆಲ್ಲ 1500ರವರಾಗಿದ್ದರೆ ಅವನು ತರಬೇಕಿದ್ದದ್ದು 6.84. ತಂದದ್ದು ಐದು. ಕೊರತೆ 1.84.

ಈ ಕೊರತೆಯನ್ನು ‘ಕೆ’ ಎಂಬ ಗುಣಕದಿಂದ ಗುಣಿಸಬೇಕು. ರೇಟಿಂಗ್ 2300ರ ಒಳಗಿರುವ ಮಕ್ಕಳಿಗೆ, ಅವರಿಗೆ 18 ತುಂಬುವ ವರ್ಷದ ಕೊನೆಯವರೆಗೂ ಕೆ ಬೆಲೆ 40. ದೊಡ್ಡವರಿಗೆ ಸಾಮಾನ್ಯವಾಗಿ 20, ಒಮ್ಮೆ 2400 ಮುಟ್ಟಿದವರಿಗೆ 10. ಹೀಗಾಗಿ ಹುಡುಗನಿಗೆ ನಷ್ಟ 74. ಅದೇ ಫಲಿತಾಂಶವನ್ನು ಅವನಪ್ಪ ತಂದಿದ್ದರೆ ಹೋಗುತ್ತಿದ್ದದ್ದು 37 ಮಾತ್ರ. ಬೇಗ ಕಲಿಯುವ ಮಕ್ಕಳು ಬೇಗ ಮೇಲೇರಲಿ ಎಂದು ಕೊಟ್ಟ ಏಣಿ ಇದು. ಜಾರುವಾಗಲೂ ಅದೇ ಏಣಿ.

ಬೇಸಿಗೆ ರಜೆಯಲ್ಲಿ ಒಂದೇ ತಿಂಗಳಿಗೆ ಮೂರು ಟೂರ್ನಿ ಆಡಿಸುವವರಿಗೆ ಇನ್ನೊಂದು ನಿಯಮ ಗೊತ್ತಿರಬೇಕು. ಆಟಗಳ ಸಂಖ್ಯೆಯನ್ನು ಕೆಯಿಂದ ಗುಣಿಸಿದರೆ 700 ಮೀರಬಾರದು. 27 ಆಟ ಆಡಿದ ಹುಡುಗನಿಗೆ ಆ ತಿಂಗಳು ಕೆ 40 ಅಲ್ಲ, 25. ಮೊದಲ ಟೂರ್ನಿಯಲ್ಲಿ ಎಷ್ಟೇ ಗಳಿಸಿದ್ದರೂ ಅದೇ ತಿಂಗಳು ಶುರುವಾಗುವ ಮುಂದಿನವುಗಳ ಲೆಕ್ಕಕ್ಕೆ ಹಳೆಯ ರೇಟಿಂಗೇ ಆಧಾರ.

1990ರ ದಶಕದಲ್ಲಿ ಪಟ್ಟಿ ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಜನವರಿ ಮತ್ತು ಜುಲೈ. 2012ರ ಜುಲೈಯಿಂದ ತಿಂಗಳಿಗೊಂದು. ಆದರೂ ಪ್ರವೇಶದ ಪ್ರಶ್ನೆ ಬಂದಾಗ ನಿನ್ನೆಯ ಆಟ ಲೆಕ್ಕಕ್ಕಿಲ್ಲ, ಅಚ್ಚಾದ ಪಟ್ಟಿಯೇ ಪ್ರಮಾಣ. ‘1600ಕ್ಕಿಂತ ಕೆಳಗಿನವರಿಗೆ’ ಎಂಬ ಟೂರ್ನಿಯ ಪ್ರಕಟಣೆಯಲ್ಲಿ ಯಾವ ತಿಂಗಳ ಪಟ್ಟಿ ಎಂಬುದನ್ನು ಹೇಳಿರುತ್ತಾರೆ. ಶುಲ್ಕ ಕಟ್ಟುವ ಮುನ್ನ ಓದಬೇಕಾದ ಸಾಲು ಅದು.

ಆಡದೆಯೂ ಈ ಗೆರೆ ದಾಟಿದವರಿದ್ದಾರೆ. 2024ರ ಮಾರ್ಚ್ 1ರಂದು ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿತು. 2000ದ ಕೆಳಗಿದ್ದವರಿಗೆಲ್ಲ 2000ಕ್ಕೆ ಎಷ್ಟು ಕಡಿಮೆಯಿತ್ತೋ ಅದರ ಶೇ 40ರಷ್ಟನ್ನು ಒಮ್ಮೆಗೇ ಕೂಡಿಸಿತು. ಫೆಬ್ರುವರಿಯಲ್ಲಿ 1400 ಇದ್ದ ಮಗು ಮರುದಿನ ಬೆಳಿಗ್ಗೆ 1640! ಮನೆಯಲ್ಲಿ ಸಿಹಿ ಹಂಚಿದ್ದರೂ ಹಂಚಿರಬಹುದು. 1600ರ ಒಳಗಿನ ಟೂರ್ನಿಯ ಬಾಗಿಲು ಮಾತ್ರ ಅಂದೇ ಮುಚ್ಚಿತು.

ಬಹುಮಾನದ ಆಸೆಗೆ ಮಗುವನ್ನು 1590ರಲ್ಲೇ ತಡೆದು ನಿಲ್ಲಿಸುವ, ಅಂದರೆ ಬಲವಾದ ಟೂರ್ನಿಗಳಿಗೆ ಕಳಿಸದೇ ಇರುವ ಪಾಲಕರೂ ಇಲ್ಲದಿಲ್ಲ. ಇದು ಮಗುವಿಗೆ ಮಾಡುವ ಅನ್ಯಾಯ. ಕಲಿಯುವ ವಯಸ್ಸು ಪಟ್ಟಿಗಾಗಿ ಕಾಯುವುದಿಲ್ಲ.

ಚೀನಾದ ಡಿಂಗ್ ಲಿರೆನ್ ಅವರದು ಇದರ ತದ್ವಿರುದ್ಧ ಕಥೆ. ರಷ್ಯಾದ ಸೆರ್ಗೆ ಕರ್ಯಾಕಿನ್ ಅವರ ಮೇಲೆ ನಿಷೇಧ ಬಿದ್ದು, 2022ರ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಒಂದು ಸ್ಥಾನ ತೆರವಾಯಿತು. ಮೇ ತಿಂಗಳ ಪಟ್ಟಿಯಲ್ಲಿ, ಅರ್ಹತೆ ಪಡೆಯದವರ ಪೈಕಿ ಮುಂದಿರುವವರಿಗೆ ಅದು ಮೀಸಲು. ಡಿಂಗ್ ಮುಂದಿದ್ದರು, ಆದರೆ ವರ್ಷದಲ್ಲಿ 30 ಆಟ ಆಡಿರಬೇಕೆಂಬ ಷರತ್ತಿತ್ತು, ಅವರು ಆಡಿದ್ದು ನಾಲ್ಕೇ. ಚೀನಾದಲ್ಲಿ ತರಾತುರಿಯಿಂದ ಪಂದ್ಯಗಳು ಏರ್ಪಾಡಾದವು. ಸೋತರೆ ರೇಟಿಂಗ್ ಹೋಗುವ ಭಯ, ಆಡದಿದ್ದರೆ ಸ್ಥಾನವೇ ಇಲ್ಲ. ಅವರು ಆಡಿದರು, ಸ್ಥಾನ ಗಳಿಸಿದರು, 2023ರಲ್ಲಿ ಅಸ್ತಾನಾದಲ್ಲಿ ವಿಶ್ವ ಚಾಂಪಿಯನ್ನೂ ಆದರು.

ಇನ್ನೂ ರೇಟಿಂಗ್ ಇಲ್ಲದ ಮಕ್ಕಳ ವಿಷಯ. ರೇಟಿಂಗ್ ಇರುವವರ ವಿರುದ್ಧ ಕನಿಷ್ಠ ಐದು ಆಟ ಆಡಿರಬೇಕು. ಅವೆಲ್ಲ ಒಂದೇ ಟೂರ್ನಿಯಲ್ಲಿ ಆಗಬೇಕೆಂದಿಲ್ಲ, 26 ತಿಂಗಳೊಳಗೆ ಕೂಡಿಬಂದರೆ ಸಾಕು. ಲೆಕ್ಕ 1400 ಮುಟ್ಟದಿದ್ದರೆ ಹೆಸರು ಪಟ್ಟಿಗೆ ಬರುವುದಿಲ್ಲ. ಸಾಮಾನ್ಯ ಆಟ, ರ‍್ಯಾಪಿಡ್, ಬ್ಲಿಟ್ಜ್ ಮೂರಕ್ಕೂ ಪ್ರತ್ಯೇಕ ಪಟ್ಟಿಗಳಿವೆ. ಪ್ರವೇಶಪತ್ರ ತುಂಬುವಾಗ ಒಂದರ ಅಂಕೆಯನ್ನು ಇನ್ನೊಂದರ ಜಾಗದಲ್ಲಿ ಬರೆಯದಂತೆ ನೋಡಿಕೊಳ್ಳಬೇಕು.